ಬುಡ್ಡೇಸಾಬನ ಮೋಟರಿನ ಬಾಣಂತನ

ಹಿರೇಜಾಲಿಯಲ್ಲಿ ಹರಗೋಲು ಹಾಕುವ ಬುಡ್ಡೇಸಾಬನ ಬಲಭುಜ ಊರಿಗೆಲ್ಲ ಗೊತ್ತಿದ್ದ ಭುಜ. ಬೆಳಗಿನ ಜಾವ ಅವನು ಹರಗೋಲನ್ನು ಹೊಳೆಗಿಳಿಸಿ ಮೊದಲ ಹುಟ್ಟು ಹಾಕಿದಾಗ ಆ ಭುಜದೊಳಗಿಂದ ‘ಕಟಕ್’ ಎಂದು ಬರುವ ಸದ್ದಿಗೆ ಊರಿನ ಕೋಳಿಗಳೆಲ್ಲ ಎದ್ದು ಕೂಗುತ್ತಿದ್ದವು ಎನ್ನುವವರಿದ್ದಾರೆ. ಅದು ಸುಳ್ಳು. ಕೋಳಿಗಳು ತಮ್ಮಷ್ಟಕ್ಕೆ ತಾವು ಏಳುತ್ತಿದ್ದವು. ಆ ಸದ್ದಿಗೆ ಏಳುತ್ತಿದ್ದವು ನಾಯಿಗಳು ಮಾತ್ರ.

ಕೃಷ್ಣಾ ಹೊಳೆಯ ಈಚೆ ದಂಡೆಗೆ ಹಿರೇಜಾಲಿ, ಹೊಳೆಯ ನಟ್ಟನಡುವೆ ಜಾಲಿಗಡ್ಡಿ. ಹೊಳೆ ಎರಡು ಕವಲಾಗಿ ನಡುವೆ ಬಿಟ್ಟುಹೋದ ನೆಲವೇ ಗಡ್ಡಿ. ಅಲ್ಲಿಯ ಜೋಳ, ಮೇಕೆ, ಮದುಮಗಳು, ಜ್ವರ, ಜಗಳ, ಎಲ್ಲವೂ ಬುಡ್ಡೇಸಾಬನ ಹರಗೋಲಿನಲ್ಲೇ ಈಚೆ ದಾಟಬೇಕು. ಇಪ್ಪತ್ತು ವರ್ಷ ಅವನು ದಾಟಿಸಿದ. ದಾಟಿದವರೆಲ್ಲ ದಪ್ಪಗಾದರು, ಅವನ ಭುಜ ಮಾತ್ರ ಸವೆಯಿತು. ಕೈಯನ್ನು ಕಿವಿಯ ಮಟ್ಟಕ್ಕಿಂತ ಮೇಲೆ ಎತ್ತಲು ಬಾರದೆ, ಗಡ್ಡಿಯವರಿಗೆ ಸಲಾಮು ಹೇಳುವಾಗಲೂ ತಲೆಯನ್ನೇ ಬಗ್ಗಿಸಿ ಕೈಗೆ ಮುಟ್ಟಿಸುತ್ತಿದ್ದ. ಅದನ್ನು ಜನ ಅವನ ವಿನಯ ಎಂದು ತಿಳಿದಿದ್ದರು.

ರಾತ್ರಿ ಊಟವಾದ ಮೇಲೆ ಕಟ್ಟೆಗೆ ಒರಗಿ, ಭುಜಕ್ಕೆ ಒಂದಿಷ್ಟು ಎಣ್ಣೆ ತಿಕ್ಕಬಾರದೇ ಎಂದು ಅವನು ತಾಯಿಯನ್ನು ಕೇಳುವುದಿತ್ತು. ತಾಯಿ ಬಿಬಿಜಾನ್ ಸುತ್ತಲಿನ ಊರುಗಳಿಗೆಲ್ಲ ಸೂಲಗಿತ್ತಿ. ಲಿಂಗಸುಗೂರು ತಾಲೂಕಿನ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದವಳು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು. ಉಳಿದರ್ಧ ಜನ ಅವಳಿಲ್ಲದೆ ಹುಟ್ಟಿದ್ದರಿಂದಲೇ ತಾಲೂಕು ಹೀಗೆ ಹಾಳಾಗಿದೆ ಎಂಬುದು ಅವಳ ಗಟ್ಟಿ ಅಭಿಪ್ರಾಯ. ಅವಳ ಕೈಯಲ್ಲಿ ಎಣ್ಣೆಯ ಗಿಂಡಿ ಸದಾ ಇರುತ್ತಿತ್ತು, ಆದರೆ ಮಗನ ಪಾಲಿಗೆ ಅದು ಎಂದೂ ಬಗ್ಗಿದ್ದಿಲ್ಲ.

“ಎಣ್ಣಿ ಅಂಬೋದು ಹಡದೋರಿಗೆ, ಹುಟ್ಟಿದೋರಿಗೆ” ಎನ್ನುತ್ತಿದ್ದಳು ಮುದುಕಿ. “ನಡುವಿನೋರಿಗೆ ಅಲ್ಲ.”

ಹೀಗಿರುವಾಗ ಸರಕಾರಕ್ಕೆ ಜಾಲಿಗಡ್ಡಿಯ ನೆನಪಾಯಿತು. ಚುನಾವಣೆ ಹತ್ತಿರ ಬಂದಾಗ ಸರಕಾರಕ್ಕೆ ನೆನಪಿನ ಶಕ್ತಿ ಹೆಚ್ಚುತ್ತದೆ. ಲಿಂಗಸುಗೂರಿನಿಂದ ಕನ್ನಡಕದ ಎಳೆಯ ಸಾಹೇಬನೊಬ್ಬ ಜೀಪಿನಲ್ಲಿ ಬಂದು, ಗಡ್ಡಿಗೆ ಒಂದು ದೋಣಿ ಮಂಜೂರಾಗಿದೆ, ದೋಣಿಯ ಹಿಂದೆ ಕಟ್ಟಿ ಓಡಿಸುವ ಪೆಟ್ರೋಲ್ ಮೋಟರೂ ಬರುತ್ತದೆ, ಅದನ್ನು ನಡೆಸಬಲ್ಲವರು ಯಾರಿದ್ದೀರಿ ಎಂದು ಬೇವಿನ ಮರದ ಕೆಳಗೆ ನಿಂತು ಕೇಳಿದ. ಚೇರ್ಮನ್ ಪಕೀರಪ್ಪ ಮುಂದೆ ಬಂದು ಕೆಮ್ಮಿದ. ಹೊಳೆದಂಡೆಗೇ ಅವನ ಮೆಣಸಿನಕಾಯಿ ಹೊಲ. ಆ ಮೋಟರು ದೋಣಿಯ ಹಿಂದೆ ಇರುವುದಕ್ಕಿಂತ ತನ್ನ ಹೊಲಕ್ಕೆ ನೀರು ಎತ್ತುವುದು ಚೆನ್ನ ಎಂದು ಅವನಿಗೆ ಆಗಲೇ ಅನಿಸಿತ್ತು. ತನ್ನ ತಂಗಿಯ ಮಗನ ಹೆಸರು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಎದ್ದಿತು. ಎಡಗೈ.

“ಹಟ್ಟಿಯೊಳಗ ಮೋಟರಿನ ಕೆಲಸಾ ಮಾಡೀನ್ರಿ ಸಾಹೇಬ್ರ” ಎಂದ ಬುಡ್ಡೇಸಾಬ.

ಮಾತು ಪೂರ್ತಿ ಸುಳ್ಳಲ್ಲ. ಲಗ್ನಕ್ಕೆ ಮುಂಚೆ ಒಮ್ಮೆ ಹಟ್ಟಿಗೆ ಹೋದಾಗ, ಚಿನ್ನದ ಗಣಿಯ ಕಡೆ ಲಾರಿಯಿಂದ ಒಂದು ಮೋಟರು ಇಳಿಸುತ್ತಿದ್ದರು. ಅದನ್ನು ಶೆಡ್ಡಿನ ತನಕ ತಲೆಯ ಮೇಲೆ ಹೊತ್ತವನು ಬುಡ್ಡೇಸಾಬ. ಮೋಟರಿಗೂ ಅವನಿಗೂ ಇದ್ದ ಸಂಬಂಧ ಅಷ್ಟೇ. ಆದರೆ ಭುಜ ಸವೆದ ಮನುಷ್ಯನಿಗೆ ಅಷ್ಟು ಸಂಬಂಧವೂ ಹತ್ತಿರದ ಬಂಧುವಿನಂತೆ ಕಾಣುತ್ತದೆ.

ಸಾಹೇಬ ನಂಬಿದ. ಮೋಟರು ಬುಡ್ಡೇಸಾಬನ ಮನೆಯಲ್ಲೇ ಇರಲಿ, ಮುಂದಿನ ತಿಂಗಳು ತಾನೇ ಬಂದು ಕೂರುತ್ತೇನೆ, ಗಡ್ಡಿಗೆ ಮುಟ್ಟಿಸಿ ತಿರುಗಿ ತಂದುಬಿಟ್ಟರೆ ಕೆಲಸ ಕಾಯಂ, ಇಲ್ಲವಾದರೆ ಮೋಟರು ಚೇರ್ಮನ್ನರ ವಶಕ್ಕೆ, ಎಂದು ಹೇಳಿ ಹೋದ. ಪಕೀರಪ್ಪ ಅಂದಿನಿಂದ ಬುಡ್ಡೇಸಾಬನ ಆರೋಗ್ಯವನ್ನೂ ಮೋಟರಿನ ಆರೋಗ್ಯವನ್ನೂ ದಿನಾ ವಿಚಾರಿಸತೊಡಗಿದ. ಎರಡರಲ್ಲಿ ಯಾವುದು ಕೆಟ್ಟರೂ ಅವನಿಗೆ ಸರಿಯೇ.

ದೋಣಿ ಬಂದು ಹೊಳೆದಂಡೆಯಲ್ಲಿ ನಿಂತಿತು. ಮೋಟರನ್ನು ತಂದುಕೊಟ್ಟವನು ಲಿಂಗಸುಗೂರಿನ ಮೆಕ್ಯಾನಿಕ್ ಯೂನುಸ. ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿದ್ದ ಅವನು ಅಂಗಳದಲ್ಲಿ ನಿಂತೇ ಪಾಠ ಒಪ್ಪಿಸಿದ. ಬುಡ್ಡೇಸಾಬನ ಹೆಂಡತಿ ಹುಸೇನ್‌ಬೀ ಬಾಗಿಲಲ್ಲಿ, ಬಿಬಿಜಾನ್ ಕಟ್ಟೆಯ ಮೇಲೆ.

“ಹೊಸಾ ಎಂಜಿನ್ ಅದ ಚಾಚಾ. ಪೆಟ್ರೋಲಿನಾಗ ಎಣ್ಣಿ ಕೂಡಿಸೇ ಹಾಕಬೇಕು. ಮೊದಮೊದಲು ಎಣ್ಣಿ ಜಾಸ್ತಿ, ಇಪ್ಪತ್ತೈದಕ್ಕ ಒಂದು. ಭಾರ ಹಾಕಬ್ಯಾಡ್ರಿ, ಜೋರು ಓಡಿಸಬ್ಯಾಡ್ರಿ, ನಡುನಡುವ ದಣಿವಾರಿಸಿಕೊಳ್ಳಾಕ ಬಿಡ್ರಿ. ಅದರ ಮೈ ಹಗುರಾದ ಮ್ಯಾಲ ಎಣ್ಣಿ ಕಮ್ಮಿ ಮಾಡ್ರಿ, ಐವತ್ತಕ್ಕ ಒಂದು. ತಿಳೀತಲ್ಲ?”

ಬುಡ್ಡೇಸಾಬನಿಗೆ ಏನೂ ತಿಳಿದಿರಲಿಲ್ಲ. ಇಪ್ಪತ್ತೈದು ಏನು, ಒಂದು ಏನು, ಸೇರೋ ಚಟಾಕೋ ತಂಬಿಗೆಯೋ? ಆದರೆ ಹಟ್ಟಿಯಲ್ಲಿ ಮೋಟರಿನ ಕೆಲಸ ಮಾಡಿದವನು ಅದನ್ನು ಹೇಗೆ ಕೇಳಿಯಾನು? “ಹಟ್ಟಿಯೊಳಗೂ ಹಿಂಗ ಮಾಡ್ತಿದ್ದಿವಿ” ಎಂದ. ಯೂನುಸ ಒಂದು ಡಬ್ಬಿ ಎಣ್ಣೆ ಕೈಗಿಟ್ಟು ಬಸ್ಸಿಗೆ ಓಡಿದ.

ಬುಡ್ಡೇಸಾಬನಿಗೆ ತಿಳಿಯದಿದ್ದರೇನು, ಕಟ್ಟೆಯ ಮೇಲಿದ್ದವಳಿಗೆ ಸಮಸ್ತವೂ ತಿಳಿದಿತ್ತು. ಮೊದಲು ಎಣ್ಣೆ ಜಾಸ್ತಿ, ಭಾರ ಹೊರಬಾರದು, ಓಡಾಡಬಾರದು, ದಣಿವಾರಿಸಿಕೊಳ್ಳಬೇಕು, ಮೈ ಹಗುರಾದ ಮೇಲೆ ಎಣ್ಣೆ ಕಮ್ಮಿ. ಬಿಬಿಜಾನ್ ಐವತ್ತು ವರ್ಷ ಮನೆ ಮನೆಯ ಬಾಗಿಲಲ್ಲಿ ಹೇಳುತ್ತ ಬಂದದ್ದು ಇದನ್ನೇ. ಅವಳು ಮೆಲ್ಲಗೆ ಎದ್ದು ಬಂದು ಮೋಟರಿನ ಮೈ ಮುಟ್ಟಿ ನೋಡಿದಳು. ತಣ್ಣಗಿತ್ತು.

“ಯಾ ಅಲ್ಲಾ, ಥಂಡಿ ಹಿಡದೈತಿ” ಎಂದಳು. “ಇದು ಹಸೀ ಜಚ್ಚಾ ಬೇ. ಒಳಗ ತರ್ರಿ.”

ಜಚ್ಚಾ ಎಂದರೆ ಬಾಣಂತಿ. ಆ ಊರಿನಲ್ಲಿ ಬಾಣಂತಿ ಯಾರು ಎಂಬುದನ್ನು ಬಿಬಿಜಾನ್ ಒಮ್ಮೆ ಹೇಳಿದ ಮೇಲೆ ಡಾಕ್ಟರೂ ಎದುರು ಮಾತಾಡುತ್ತಿರಲಿಲ್ಲ. ಬುಡ್ಡೇಸಾಬ ಮಾತಾಡಿಯಾನೇ? ಅವನಿಗೆ ಬೇರೆ ದಾರಿಯೂ ಕಾಣಲಿಲ್ಲ. ದಣಿದಿದ್ದ ಕೂಡ. ಒಳಗೆ ಇದ್ದದ್ದು ಒಂದೇ ಹೊರಸು, ಅವನದು. ಅದರ ಮೇಲೆ ಮೋಟರು ಮಲಗಿತು. ಗಾಳಿ ಸೋಕದಂತೆ ಹುಸೇನ್‌ಬೀಯ ಉಲನ್ ಸ್ಕಾರ್ಫನ್ನು ಅದರ ತಲೆಗೆ ಬಿಗಿದು ಕಟ್ಟಿದರು. ಸಂಜೆ ಲೋಬಾನ ಹೊಗೆ ಹಾಕಿದರು. ಬುಡ್ಡೇಸಾಬನ ಹಾಸಿಗೆ ಹೊರಗೆ ಕಟ್ಟೆಗೆ ಬಂತು.

ಚಿಲ್ಲಾ, ಅಂದರೆ ಬಾಣಂತಿಯ ನಲವತ್ತು ದಿನ, ಮುಗಿಯುವ ತನಕ ಜಚ್ಚಾ ಹೊಳೆಯ ನೀರು ಮುಟ್ಟುವ ಹಾಗಿಲ್ಲ ಎಂದು ಮುದುಕಿ ಅಪ್ಪಣೆ ಮಾಡಿದಳು. ಅಲ್ಲಮ್ಮಾ, ಇದು ನೀರೊಳಗೇ ಓಡುವ ಮೋಟರು ಎಂದು ಮಗ ಬೇಡಿಕೊಂಡ. ಎಮ್ಮೆಯೂ ನೀರೊಳಗೇ ಇರುತ್ತದೆ, ಈದ ಮರುದಿನ ಅದನ್ನು ಹೊಳೆಗೆ ಹೊಡೆಯುತ್ತೀಯೇನು ಎಂದು ಅವಳು ಕೇಳಿದಳು. ಹೆಂಡತಿಯಾದರೂ ತನ್ನ ಕಡೆ ಬಂದಾಳು ಎಂದು ಬುಡ್ಡೇಸಾಬ ನೋಡಿದ. ಹುಸೇನ್‌ಬೀ ಸ್ಕಾರ್ಫಿನ ಗಂಟನ್ನು ಸರಿಮಾಡುತ್ತ, “ನನಗ ಇದರಾಗ ಕಾಲು ಪಾಲು ಮಾಡಿದ್ದರ ಇನ್ನೂ ನಾಕು ಹಡೀತಿದ್ದೆ” ಎಂದು ಅತ್ತೆಗೆ ಕೇಳುವಂತೆ ಹೇಳಿ ಅಡುಗೆಮನೆಗೆ ಹೋದಳು.

ಸುದ್ದಿ ಹರಡಿತು. ಹೆಂಗಸರು ಬಾಣಂತಿ ನೋಡಲು ಬರುವ ಹಾಗೆಯೇ ಬಂದರು. ಒಬ್ಬಳು ಅಳವಿ ಬೀಜದ ಉಂಡಿ ತಂದಳು, ಒಬ್ಬಳು ಒಣ ಕೊಬ್ಬರಿ, ಇನ್ನೊಬ್ಬಳು ಬೆಳ್ಳುಳ್ಳಿ. ಜಚ್ಚಾ ತಿನ್ನುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಅದರ ಪರವಾಗಿ ಸೂಲಗಿತ್ತಿಯೇ ತಿಂದಳು. ಆ ತಿಂಗಳಲ್ಲಿ ಬಿಬಿಜಾನ್ ಎಷ್ಟು ಮೈಕೈ ತುಂಬಿಕೊಂಡಳೆಂದರೆ, ಅವಳು ಹರಗೋಲು ಹತ್ತಿದರೆ ಗಡ್ಡಿಯವರು ಮುಂದಿನ ಸರತಿಗೆ ಕಾಯುತ್ತಿದ್ದರು.

ಆದರೆ ಎಣ್ಣೆಯ ಲೆಕ್ಕ ಹಾಗೇ ಉಳಿದಿತ್ತು. ಸಾಹೇಬ ಬರುವುದರೊಳಗೆ ಅದನ್ನು ತಿಳಿಯದಿದ್ದರೆ ಮೋಟರು ಮೆಣಸಿನಕಾಯಿಗೆ ಹೋಗುತ್ತದೆ, ಭುಜ ಹುಟ್ಟಿಗೆ ಹೋಗುತ್ತದೆ. ಲಿಂಗಸುಗೂರಿನಲ್ಲಿ ಕೇಳುವ ಹಾಗಿಲ್ಲ, ಅಲ್ಲಿ ಯೂನುಸನಿದ್ದಾನೆ, ಸಾಹೇಬನಿದ್ದಾನೆ. ಬುಡ್ಡೇಸಾಬ ಯಾರಿಗೂ ಹೇಳದೆ ಮಸ್ಕಿಯ ಬಸ್ಸು ಹತ್ತಿದ.

ಮಸ್ಕಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವನೊಬ್ಬನ ಮುಂದೆ ಕುಳಿತು, ನಮ್ಮ ಭಾವ ಒಂದು ದೋಣಿ ಮೋಟರು ತಗೊಂಡಾನ, ಅದಕ್ಕೆ ಎಣ್ಣೆ ಎಷ್ಟು ಎಂದು ವಿಚಾರಿಸಿದ. ಭಾವನ ಊರು ಯಾವುದು ಎಂದು ರಿಪೇರಿಯವನು ಕೇಳಿದ. ಬಾಯಿಗೆ ಬಂದ ಊರು ಗೊರೇಬಾಳ. ಗೊರೇಬಾಳದಲ್ಲಿ ಹೊಳೆಯೇ ಇಲ್ಲವಲ್ಲ, ಅಲ್ಲಿರುವುದು ಭತ್ತದ ಗದ್ದೆ, ದೋಣಿ ಯಾಕೆ ಎಂದು ಅವನು ನಟ್ಟು ತಿರುವುವ ಪಾನಾ ಕೆಳಗಿಟ್ಟು ನೋಡಿದ.

“ಈ ವರ್ಷ ಗದ್ದಿಯೊಳಗ ನೀರು ಭಾಳ ಬಿಟ್ಟಾರ್ರಿ” ಎಂದ ಬುಡ್ಡೇಸಾಬ.

ರಿಪೇರಿಯವನಿಗೆ ಅಂದು ಬೇರೆ ಗಿರಾಕಿ ಇರಲಿಲ್ಲ. ಭತ್ತ ಕಟಾವಿಗೆ ದೋಣಿಯಲ್ಲಿ ಹೋಗುವ ರೈತರನ್ನು ನೆನೆಸಿಕೊಂಡು ಅವನು ಪಾನಾದಿಂದ ತಲೆ ಕೆರೆದುಕೊಂಡ. ಆಮೇಲೆ, ಲೀಟರಿಗೆ ಒಂದು ಮುಚ್ಚಳ ಎಂದ. ಯಾವುದರ ಮುಚ್ಚಳ ಎಂದು ಕೇಳಲು ಬುಡ್ಡೇಸಾಬನಿಗೆ ಧೈರ್ಯ ಬರಲಿಲ್ಲ.

ಅಲ್ಲಿಂದ ಸಿಂಧನೂರು. ಭತ್ತಕ್ಕೆ ಔಷಧಿ ಹೊಡೆಯುವ ಮೋಟರ್ ಪಂಪು ಮಾರುವ ಅಂಗಡಿಯಲ್ಲಿ, ಕ್ಯಾನಿಗೆ ಒಂದು ಚಹಾ ಗ್ಲಾಸು ಎಂದರು. ಕ್ಯಾನು ಎಷ್ಟರದ್ದು ಎಂದರೆ, ನಿಮ್ಮಲ್ಲಿ ಎಷ್ಟರದ್ದು ಇದೆಯೋ ಅಷ್ಟರದ್ದು ಎಂದರು. ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಮುದುಕನೊಬ್ಬ ದೋಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ಬಂದ. ಸಣ್ಣವನಿದ್ದಾಗ ತಾನು ದೋಣಿಯಲ್ಲೇ ಉಂಡು ದೋಣಿಯಲ್ಲೇ ಮಲಗುತ್ತಿದ್ದೆ, ಈಗ ಕಾಲುವೆ ನೋಡಿದರೆ ಕಾಲು ತೊಳೆಯುವುದಕ್ಕೂ ಸಾಲದು ಎನಿಸುತ್ತದೆ ಎಂದು ಹೇಳಿ ನಿಟ್ಟುಸಿರು ಬಿಟ್ಟ. ಎಣ್ಣೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಆದರೆ ಇಬ್ಬರೂ ಜೊತೆಯಲ್ಲಿ ಕುಳಿತು ಬಹಳ ಹೊತ್ತು ನಿಟ್ಟುಸಿರು ಬಿಟ್ಟರು. ಬುಡ್ಡೇಸಾಬನಿಗೆ ಆ ಇಡೀ ತಿಂಗಳಲ್ಲಿ ಸಿಕ್ಕ ಸುಖ ಅದೊಂದೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಊರಿನ ಬಸ್ಸಪ್ಪ ಸಿಕ್ಕ. ಊರಿಗೆಲ್ಲ ಲೂನಾ ಇದ್ದವನು ಅವನೊಬ್ಬನೇ, ಅದು ಸದಾ ರಿಪೇರಿಯಲ್ಲಿ ಇರುವುದರಿಂದ ಬಸ್ಸಿನಲ್ಲೇ ಓಡಾಡುತ್ತಿದ್ದ. ಪೆಟ್ರೋಲ್ ಬಂಕಿನವನು ಎಣ್ಣೆಯ ಹಿಡಿಕೆಯನ್ನು ಎರಡು ಸುತ್ತು ತಿರುವುತ್ತಾನೆ, ಅದೇ ಲೆಕ್ಕ, ತಾನು ಕಣ್ಣಾರೆ ನೋಡಿದ್ದೇನೆ ಎಂದು ಅವನು ಆಣೆ ಮಾಡಿದ.

ಒಂದು ಮುಚ್ಚಳ, ಒಂದು ಚಹಾ ಗ್ಲಾಸು, ಎರಡು ಸುತ್ತು. ಬುಡ್ಡೇಸಾಬ ಕಟ್ಟೆಯ ಮೇಲೆ ಕುಸಿದು ಕುಳಿತು, ಈ ಮೂರರಲ್ಲಿ ಯಾವುದು ಖರೆ ಎಂದು ತನ್ನಷ್ಟಕ್ಕೆ ಗೊಣಗಿದ. ಒಳಗಿನಿಂದ ಬಿಬಿಜಾನ್ ಕೇಳಿಸಿಕೊಂಡಳು.

“ಮೂರು ಮಂದಿ ಮೂರು ಹೇಳ್ಯಾರ ಅಂದ್ರ ಮೂರೂ ಹಾಕಬೇಕು. ಜಚ್ಚಾಗ ಕೊಡೋದರಾಗ ಜೀನತನ ಮಾಡ್ತಾರೇನು?”

ಮೂರೂ ಹಾಕಿದರು. ಬಂಕಿನ ಹಿಡಿಕೆ ಮನೆಯಲ್ಲಿ ಇಲ್ಲದ್ದರಿಂದ ಮುದುಕಿ ಬೀಸುವ ಕಲ್ಲಿನ ಗೂಟವನ್ನು ಎರಡು ಸುತ್ತು ತಿರುವಿ, ಅಷ್ಟು ಹೊತ್ತು ಡಬ್ಬಿ ಬಗ್ಗಿಸಿ ಹಿಡಿದಳು.

ಒಂದು ಸಲವಾದರೂ ಮೋಟರು ಚಾಲೂ ಮಾಡಿ ನೋಡದೆ ಬುಡ್ಡೇಸಾಬನ ಜೀವ ನಿಲ್ಲುತ್ತಿರಲಿಲ್ಲ. ಹೊಳೆಗೆ ಒಯ್ಯುವ ಹಾಗಿಲ್ಲ. ಕಡೆಗೆ ಮುದುಕಿಯೇ ಒಂದು ದಾರಿ ತೋರಿಸಿದಳು. ಅಂಗಳದಲ್ಲಿ ಡಾಂಬರಿನ ಹಳೆಯ ಡ್ರಮ್ಮು ಇಟ್ಟು, ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ತುಂಬಿ, ಅದರೊಳಗೆ ಮೋಟರಿನ ಕಾಲು ಇಳಿಬಿಟ್ಟು ಕಟ್ಟಿದರು. ತಲೆಯ ಸ್ಕಾರ್ಫು ತೆಗೆಯಲು ಅವಳು ಒಪ್ಪಲಿಲ್ಲ. ಚಾಲೂ ಮಾಡುವ ಹಗ್ಗ ಹೊರಬರುವಷ್ಟು ಸಡಿಲಿಸಿದಳು, ಅಷ್ಟೇ. ಅದೇ ಹೊತ್ತಿಗೆ ಸರಿಯಾಗಿ ಪಕೀರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆರೋಗ್ಯ ವಿಚಾರಿಸಲು ಬಂದ. ಒಳ್ಳೆಯ ಜಾಗ ಬೇಕೆಂದು ಡ್ರಮ್ಮಿನ ಪಕ್ಕಕ್ಕೇ ನಿಂತ.

ಬುಡ್ಡೇಸಾಬ ಎಡಗೈಯಿಂದ ಹಗ್ಗ ಎಳೆದ. ಎಳೆದ, ಎಳೆದ. ಊರಿನ ಗಂಡಸರೆಲ್ಲ ಒಂದೊಂದು ಸಲ ಎಳೆದು ಕೈತೊಳೆದುಕೊಂಡರು. ಕಡೆಗೆ ಹುಸೇನ್‌ಬೀ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಒಂದು ಸಲ ಜಗ್ಗಿದಳು. ಮೋಟರು ಹೊತ್ತಿಕೊಂಡಿತು.

ಮುಂದೆ ಏನಾಯಿತು ಎಂಬುದನ್ನು ಕಂಡವರು ಯಾರೂ ಇಲ್ಲ, ಏಕೆಂದರೆ ಏನೂ ಕಾಣಿಸುತ್ತಿರಲಿಲ್ಲ. ಮೂರು ಊರಿನ ಎಣ್ಣೆಯ ಲೆಕ್ಕ ಒಟ್ಟಿಗೇ ಉರಿದು ಎದ್ದ ಹೊಗೆ ಅಂಗಳ ತುಂಬಿ, ಓಣಿ ತುಂಬಿ, ಹೊಳೆಗೆ ಇಳಿಯಿತು. ತಾಯಂದಿರು ಮಕ್ಕಳನ್ನು ಮೂಗು ಮುಟ್ಟಿ ಗುರುತು ಹಿಡಿದು ಒಳಗೆ ಕರೆದೊಯ್ದರು. ಹೊಗೆಯಲ್ಲಿ ಯಾರದೋ ಮೇಕೆ ಇನ್ಯಾರದೋ ಮನೆಗೆ ಹೋಗಿ ಎರಡು ದಿನ ಹಾಲು ಕೊಟ್ಟು ಬಂತು. ಊರಿಗೆ ಬೆಂಕಿ ಬಿದ್ದಿದೆ ಎಂದು ಗಡ್ಡಿಯವರು ತಗಡು ಬಡಿಯತೊಡಗಿದರು. ಹೊಗೆ ಇಳಿದಾಗ ಡ್ರಮ್ಮಿನಲ್ಲಿ ಒಂದು ಹನಿ ನೀರಿರಲಿಲ್ಲ. ಮೋಟರಿನ ಫ್ಯಾನು ಬೇವಿನ ಸೊಪ್ಪನ್ನು ನುಣ್ಣಗೆ ಅರೆದು ಪಕೀರಪ್ಪನ ಮೇಲೆ ಕಾಲಿನಿಂದ ತಲೆಯವರೆಗೆ ಬಳಿದಿತ್ತು. ಅವನು ಹಸಿರಾಗಿ ನಿಂತಿದ್ದ.

“ಪಿತ್ತ ಹೋಯ್ತು ಬಿಡ್ರಿ ಚೇರ್ಮನ್ನರ, ಬೇವು ಭಾಳ ಒಳ್ಳೇದು” ಎಂದಳು ಬಿಬಿಜಾನ್.

ಪಕೀರಪ್ಪ ಬೇವು ಒರೆಸಿಕೊಳ್ಳುತ್ತ ಹೋದ. ಮರುದಿನದ ಮೊದಲ ಬಸ್ಸಿಗೇ ಅವನ ತಂಗಿಯ ಮಗ ಲಿಂಗಸುಗೂರಿಗೆ ಹೋಗಿ, ಸರಕಾರದ ಮೋಟರನ್ನು ಕುದಿಸಿ ಕೊಲ್ಲುತ್ತಿದ್ದಾರೆ, ಈಗಲೇ ಬರಬೇಕು ಎಂದು ಸಾಹೇಬನಿಗೆ ಹೇಳಿದ.

ಹೇಳಿದ ತಿಂಗಳಿಗಿಂತ ಮುಂಚೆಯೇ, ಮಟಮಟ ಮಧ್ಯಾಹ್ನ ಜೀಪು ಬಂದು ಬೇವಿನ ಮರದ ಕೆಳಗೆ ನಿಂತಿತು. ಸಾಹೇಬ ಊಟವನ್ನೂ ಮಾಡದೆ ಬಂದಿದ್ದ, ಮುಖ ಗಂಟಿಕ್ಕಿತ್ತು. ಈಗಲೇ ಗಡ್ಡಿಗೆ ಹೋಗೋಣ ಎಂದ. ಬುಡ್ಡೇಸಾಬ ಮನೆಗೆ ಓಡಿದ. ಪೆಟ್ರೋಲು ಇತ್ತು. ಎಣ್ಣೆಯ ಡಬ್ಬಿ ಎತ್ತಿದರೆ ಹಗುರ.

ಎಣ್ಣೆ ಎಲ್ಲಿ ಎಂದು ತಾಯಿಯನ್ನು ಕೇಳಿದ. ದಿನಾ ಬೆಳಿಗ್ಗೆ ಮೈಗೆ ತಿಕ್ಕಿದೆನಲ್ಲ, ನೋಡು ಹೇಗೆ ಮಿಂಚುತ್ತಿದೆ ಎಂದು ಅವಳು ತೋರಿಸಿದಳು. ಮೋಟರು ನಿಜಕ್ಕೂ ಮಿಂಚುತ್ತಿತ್ತು. ಬುಡ್ಡೇಸಾಬ ಅಳುವುದಕ್ಕೂ ತ್ರಾಣವಿಲ್ಲದೆ ಬಾಗಿಲಿಗೆ ಒರಗಿದ. ಹುಸೇನ್‌ಬೀಗೆ ಗಂಡನ ಮೋರೆ ನೋಡಿ ಮರುಕ ಬಂತು. ಮೆಣಸಿನಕಾಯಿ ಭಜಿಗೆಂದು ಎತ್ತಿಟ್ಟಿದ್ದ ಕುಸುಬಿ ಎಣ್ಣೆಯ ಗಿಂಡಿಯನ್ನು ತಂದು ಅವನ ಕೈಯಲ್ಲಿಟ್ಟಳು. ಇದೂ ಎಣ್ಣೆಯೇ ಅಲ್ಲವೇ ಎಂದಳು. ಅಲ್ಲವೆಂದು ಹೇಳಲು ಅವನಿಗೇನು ಗೊತ್ತಿತ್ತು?

ದೋಣಿಯಲ್ಲಿ ನಾಲ್ವರು ಕುಳಿತರು. ಸಾಹೇಬ, ವಶಕ್ಕೆ ತೆಗೆದುಕೊಳ್ಳಲು ಸಿದ್ಧನಾಗಿ ಪಕೀರಪ್ಪ, ಹಿಂದೆ ಬುಡ್ಡೇಸಾಬ, ಅವನ ಪಕ್ಕದಲ್ಲಿ ಬಿಬಿಜಾನ್. ಚಿಲ್ಲಾ ಮುರಿದು ಒಯ್ಯುವುದೇ ಆದರೆ ಹಸೀ ಬಾಣಂತಿಯನ್ನು ಗಂಡಸರ ಕೈಗೆ ಕೊಟ್ಟು ಕಳಿಸಲಾರೆ ಎಂದು ಅವಳು ಹಟ ಹಿಡಿದು ಹತ್ತಿದ್ದಳು. ಮೋಟರಿನ ಕಾಲು ಹೊಳೆಗೆ ಇಳಿಯುವಾಗ ಅವಳು ಬಿಸ್ಮಿಲ್ಲಾ ಎಂದು, ತಂದಿದ್ದ ಒಂದು ತಂಬಿಗೆ ಬಿಸಿನೀರನ್ನು ಅದರ ಬುಡಕ್ಕೆ ಸುರಿದು, ಕೃಷ್ಣಾ ಹೊಳೆಯನ್ನು ಉಗುರು ಬೆಚ್ಚಗೆ ಮಾಡಿದಳು.

ಎರಡನೆಯ ಎಳೆತಕ್ಕೇ ಮೋಟರು ಹೊತ್ತಿತು. ದೋಣಿ ಮುಂದೆ ಸರಿಯಿತು. ಬುಡ್ಡೇಸಾಬನ ಕೈಯಲ್ಲಿ ಹುಟ್ಟಿಲ್ಲ, ಆದರೂ ದಂಡೆ ಹಿಂದೆ ಹೋಗುತ್ತಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಹೊಳೆಯ ಮೇಲೆ ಸುಮ್ಮನೆ ಕುಳಿತ. ಸುಮ್ಮನೆ ಕೂರುವುದು ಹೇಗೆಂದು ರೂಢಿಯಿಲ್ಲದೆ, ಎರಡೂ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡಿದ.

ಅಷ್ಟರಲ್ಲಿ ಹೊಗೆ ಎದ್ದಿತು. ಈ ಸಲದ ಹೊಗೆ ಬೇರೆ. ಬಿಸಿ ಬಿಸಿ ಮೆಣಸಿನಕಾಯಿ ಭಜಿಯ ವಾಸನೆ ಹೊಳೆಯ ಉದ್ದಗಲಕ್ಕೂ ಹರಡಿತು. ಸಾಹೇಬ ಮೊದಲು ಮೂಗು ಅರಳಿಸಿದ, ಆಮೇಲೆ ದೋಣಿಯ ಮೂಲೆ ಮೂಲೆಗಳನ್ನು ನೋಡಿದ. ಕಡೆಗೆ ತಡೆಯಲಾರದೆ, ಏನು ಕರಿಯುತ್ತಿದ್ದೀರಿ ಎಂದು ಕೇಳಿದ. ಗಡ್ಡಿಯ ದಂಡೆಯಲ್ಲಿ ಜನ ಸೇರತೊಡಗಿದರು. ಸರಕಾರದವರು ದೋಣಿಯಲ್ಲಿ ಭಜಿ ತರುತ್ತಿದ್ದಾರೆ ಎಂದು ಯಾರೋ ಹೇಳಿದರು, ಒಂದಿಬ್ಬರು ತಟ್ಟೆ ತರಲು ಮನೆಗೆ ಓಡಿದರು. ಒಬ್ಬ ಚುರುಮುರಿಯನ್ನೇ ಹಿಡಿದು ಬಂದ.

ನಡುಹೊಳೆಯಲ್ಲಿ ಮೋಟರು ಒಮ್ಮೆ ಕೆಮ್ಮಿತು, ಒಮ್ಮೆ ತೇಗಿತು, ನಿಂತಿತು.

ಎಷ್ಟು ಜಗ್ಗಿದರೂ ಏಳಲಿಲ್ಲ. ಸೆಳವು ದೋಣಿಯನ್ನು ಮೆಲ್ಲಗೆ ಕೆಳಗೆ ಒಯ್ಯತೊಡಗಿತು, ಅಲ್ಲಿ ಬಂಡೆಗಳು. ಪಕೀರಪ್ಪನ ಮುಖದಲ್ಲಿ ಗೆಲುವು ಮತ್ತು ಸಾವಿನ ಭಯ ಒಟ್ಟಿಗೇ ಕಂಡವು. ಬುಡ್ಡೇಸಾಬ ಕಾಲಡಿಯಿಂದ ಹುಟ್ಟು ಎಳೆದುಕೊಂಡು, ನೀರಿಗೆ ಹಾಕಿ, ಮೈ ಬಗ್ಗಿಸಿ ಜಗ್ಗಿದ. ‘ಕಟಕ್.’ ಈಚೆ ದಂಡೆಯಲ್ಲಿ ನಾಯಿಗಳು ತಲೆ ಎತ್ತಿದವು. ಅವನ ಬಲಗೈ ಭುಜದಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

“ಆತು ಸಾಹೇಬ್ರ” ಎಂದ ಅವನು, ಸಣ್ಣ ದನಿಯಲ್ಲಿ. “ಇದೂ ಬಂದ್ ಆತು.”

ಸಾಹೇಬ ಪಕೀರಪ್ಪನ ಕಡೆ ನೋಡಿದ. ತಮ್ಮ ಮನೆತನದಲ್ಲಿ ಯಾರೂ ಹುಟ್ಟು ಹಿಡಿದ ಪದ್ಧತಿ ಇಲ್ಲ ಎಂದು ಪಕೀರಪ್ಪ ಹೇಳಿದ. ಸಾಹೇಬ ಮುದುಕಿಯ ಕಡೆ ನೋಡಿದ. ಅವಳು ಮೋಟರಿನ ತಲೆಗೆ ಸೆರಗು ಹೊದಿಸುತ್ತಿದ್ದಳು. ಬಂಡೆಗಳ ಕಡೆ ನೋಡಿದ. ಆಮೇಲೆ ಬೂಟು ಬಿಚ್ಚಿ, ಹುಟ್ಟು ತೆಗೆದುಕೊಂಡ.

ಮೊದಲು ದೋಣಿ ಬುಗುರಿಯ ಹಾಗೆ ಇದ್ದಲ್ಲೇ ತಿರುಗಿತು. ಇತ್ತ ಹಾಕ್ರಿ, ಈಗ ಅತ್ತ, ಸೊಂಟದಿಂದ ಜಗ್ಗ್ರಿ, ಎಂದು ಬುಡ್ಡೇಸಾಬ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೇಳಿಕೊಟ್ಟ. ಸಾಹೇಬನ ಕನ್ನಡಕ ಬೆವರಿಗೆ ಜಾರಿ ತುಟಿಯ ಮೇಲೆ ಬಂದು ನಿಂತಿತು. ಈಚೆ ದಂಡೆ ಮುಟ್ಟುವಾಗ ಹೊತ್ತು ಇಳಿದಿತ್ತು. ಗಡ್ಡಿಯವರು ತಟ್ಟೆಗಳನ್ನು ಹಿಡಿದು ಇನ್ನೂ ನಿಂತೇ ಇದ್ದರು.

ಬುಡ್ಡೇಸಾಬನ ಕಟ್ಟೆಯ ಮೇಲೆ ಸಾಹೇಬ ಕುಳಿತ. ಕನ್ನಡಕ ಮೇಲೆ ಸರಿಸಲು ಕೈ ಎತ್ತಿದ, ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ತಲೆಯನ್ನೇ ಬಗ್ಗಿಸಿ ಕೈಗೆ ಮುಟ್ಟಿಸಿ ಕನ್ನಡಕ ಸರಿಮಾಡಿಕೊಂಡ. ಬುಡ್ಡೇಸಾಬ ಅದನ್ನು ನೋಡಿದ.

“ಎಷ್ಟು ವರ್ಷದಿಂದ ಹಾಕ್ತಾ ಇದ್ದೀರಿ ಹುಟ್ಟು?” ಎಂದು ಸಾಹೇಬ ಕೇಳಿದ.

“ಇಪ್ಪತ್ತು ಆತ್ರಿ.”

“ಹಟ್ಟೀಲಿ ಏನು ಕೆಲಸ ಮಾಡಿದ್ರಿ? ನಿಜ ಹೇಳಿ.”

ಬುಡ್ಡೇಸಾಬನಿಗೆ ಸುಳ್ಳು ಹೇಳಲೂ ಸಾಕಾಗಿತ್ತು. “ಮೋಟರ್ ಹೊತ್ತಿದ್ದೆ ಸಾಹೇಬ್ರ. ತಲಿ ಮ್ಯಾಲ.”

ಸಾಹೇಬನಿಗೆ ನಗು ಬಂತು, ಆದರೆ ನಕ್ಕರೆ ಭುಜ ನೋಯುತ್ತಿತ್ತು. ಪಕೀರಪ್ಪ ಇದೇ ಸಮಯವೆಂದು ಮುಂದೆ ಬಂದು, ಹಾಗಾದರೆ ಮೋಟರು ತನ್ನ ವಶಕ್ಕೆ ಎಂದು ನೆನಪು ಮಾಡಿದ. ಸಾಹೇಬ ಅವನ ಕಡೆ ತಿರುಗಿದ. ಗಡ್ಡಿಗೆ ತಾನು ಇನ್ನೂ ಎಷ್ಟೋ ಸಲ ಬರಬೇಕಿದೆ, ಮೋಟರು ನಿಮ್ಮ ಹೊಲಕ್ಕೆ ಹೋದರೆ ಹುಟ್ಟು ಯಾರು ಹಾಕುವುದು, ನೀವೋ ನಾನೋ ಎಂದು ಕೇಳಿದ. ಪಕೀರಪ್ಪನ ಮನೆತನದ ಪದ್ಧತಿ ಅವನ ಬಾಯಿ ಕಟ್ಟಿತು. ಮೋಟರು ಇಲ್ಲೇ ಇರಲಿ, ನಾಳೆ ಯೂನುಸ ಬಂದು ಪ್ಲಗ್ ತೊಳೆದು ಭಜಿಯ ಎಣ್ಣೆಯನ್ನೆಲ್ಲ ತೆಗೆಯಲಿ, ಬುಡ್ಡೇಸಾಬನಿಗೆ ಕಲಿಸಿಯೂ ಕೊಡಲಿ, ಕೆಲಸ ಅವನದೇ, ಎಂದು ಸಾಹೇಬ ತೀರ್ಮಾನ ಹೇಳಿದ.

ಎಣ್ಣೆಯ ಲೆಕ್ಕವನ್ನೂ ಅವನೇ ಹೇಳಿದ. ಅಳೆಯಲು ಮನೆಯಲ್ಲಿ ಏನಿದೆ ಎಂದಾಗ ಬಿಬಿಜಾನ್ ಒಳಗಿನಿಂದ ಒಳಲೆ ತಂದಳು, ಕೂಸಿಗೆ ಔಷಧಿ ಕುಡಿಸುವ ಕೊಕ್ಕಿನ ಹಿತ್ತಾಳೆಯ ಪುಟ್ಟ ಬಟ್ಟಲು. ಸಾಹೇಬ ಅದನ್ನು ತಿರುಗಿಸಿ ನೋಡಿ, ಲೀಟರಿನ ಬಾಟಲಿಗೆ ಈಗ ಮೂರು ಒಳಲೆ, ಎಂಜಿನ್ ಪಳಗಿದ ಮೇಲೆ ಒಂದೂವರೆ ಎಂದ.

“ನಾನೂ ಅದನ್ನ ಹೇಳಾಕತ್ತಿದ್ದೆ” ಎಂದಳು ಮುದುಕಿ. “ಚಿಲ್ಲಾ ಮುಗಿಯೋ ತನಕ ಜಾಸ್ತಿ, ಆಮ್ಯಾಲ ಕಮ್ಮಿ. ಮುಗಿಯೋ ತನಕ ಹೊಳಿ ಬ್ಯಾಡ.”

ಸಾಹೇಬ ವಾದಕ್ಕೆ ಹೋಗಲಿಲ್ಲ. ಅವನಿಗೂ ದಣಿವಾಗಿತ್ತು. ಹಾಗೆಯೇ ಆಗಲಿ ಎಂದುಬಿಟ್ಟ.

ಬಿಬಿಜಾನ್ ಅವನನ್ನು ಬಿಡಲಿಲ್ಲ. ಅಂಗಿಯ ಗುಂಡಿ ಬಿಚ್ಚು ಬೇಟಾ ಎಂದು ಗದರಿಸಿ, ಔಡಲ ಎಣ್ಣೆ ಬಿಸಿಮಾಡಿ ತಂದು, ಗಿಂಡಿಗಟ್ಟಲೆ ಸುರಿದು, ಸರಕಾರದ ಭುಜವನ್ನು ಹಸುಗೂಸಿನ ಭುಜದಂತೆ ತಿಕ್ಕಿದಳು. ಎಣ್ಣೆ ಸಾಹೇಬನ ಮೊಣಕೈಯಿಂದ ಇಳಿದು ಕಟ್ಟೆಯಿಂದಲೂ ಇಳಿಯಿತು. ಅವನು ಕುಳಿತಲ್ಲೇ ಕಣ್ಣುಮುಚ್ಚಿ ತೂಕಡಿಸಿದ. ಹುಸೇನ್‌ಬೀ ಉಳಿದ ಕುಸುಬಿ ಎಣ್ಣೆಯಲ್ಲಿ ಖರೇ ಭಜಿಯನ್ನೇ ಕರಿದು ತಂದಳು. ಜೀಪು ಹೋಗುವಾಗ ಸಾಹೇಬ ಸಲಾಮು ಮಾಡಲು ಕೈಯನ್ನು ಕಿವಿಗಿಂತ ಮೇಲೆ ಎತ್ತಿದ. ಎತ್ತಲು ಬಂತು.

ಬುಡ್ಡೇಸಾಬ ಇದನ್ನೆಲ್ಲ ಕಂಬಕ್ಕೆ ಒರಗಿ ನೋಡುತ್ತ ಕುಳಿತಿದ್ದ. ಜೀಪಿನ ಸದ್ದು ಅಡಗಿದ ಮೇಲೆ, ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೇಳಿದ.

“ಅಮ್ಮಾ, ನನಗೂ ಒಂದೀಟು.”

ಮುದುಕಿ ಮಗನನ್ನು ನೋಡಿದಳು, ಖಾಲಿಯಾಗುತ್ತ ಬಂದ ಗಿಂಡಿಯನ್ನು ನೋಡಿದಳು.

“ಸಾಹೇಬ ಇವತ್ತ ಹೊಸದಾಗಿ ಹುಟ್ಟು ಹಾಕ್ಯಾನ. ಹೊಸಾದಕ್ಕ ಎಣ್ಣಿ ಜಾಸ್ತಿ ಬೇಕು. ನೀ ಹಳೇ ಎಂಜಿನ್ ಲೇ ಬುಡ್ಡ್ಯಾ. ಹಳೇದಕ್ಕ ಎಷ್ಟು ಅಂತ ಸಾಹೇಬ ಹೇಳಿಲ್ಲೇನು?”

ಒಳಲೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ಅಳೆದು, ಒಂದೂವರೆ ಒಳಲೆ ಎಣ್ಣೆಯನ್ನು ಅವನ ಬಲಭುಜದ ಮೇಲೆ ಬಿಟ್ಟಳು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಆಮೇಲೆ ಎರಡೂ ಕೈಯಿಂದ ತಿಕ್ಕತೊಡಗಿದಳು. ಬುಡ್ಡೇಸಾಬ ಅಳತೆಯ ಬಗ್ಗೆ ತಕರಾರು ಮಾಡಲಿಲ್ಲ.

ಮೋಟರು ಚಿಲ್ಲಾ ಮುಗಿಯುವ ತನಕ ಅವನ ಹೊರಸಿನ ಮೇಲೆ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಮಲಗಿತ್ತು. ಆ ತನಕ ಹರಗೋಲನ್ನೇ ಹಾಕಬೇಕಾಗಿತ್ತು. ಮರುದಿನ ಬೆಳಗಿನ ಜಾವ ಅವನು ಹೊಳೆಗಿಳಿದು, ಹುಟ್ಟು ಹಾಕಿ, ಕಣ್ಣು ಮುಚ್ಚಿ ಜಗ್ಗಿದ. ಸದ್ದು ಬರಲಿಲ್ಲ.

ಅಂದು ಹಿರೇಜಾಲಿಯ ನಾಯಿಗಳು ಬಿಸಿಲೇರುವ ತನಕ ಮಲಗಿದ್ದವು.